ವಾಗ್ದಾನದ ವಚನ ಮನಸ್ಸನ್ನು ಮುಟ್ಟದಿದ್ದಾಗ

ಪ್ರಶ್ನೆ: ನನಗೆ 46 ವರ್ಷ. ಗದಗ ಜಿಲ್ಲೆಯ ಒಂದು ಊರಿನಲ್ಲಿ ಖಾಸಗಿ ಶಾಲೆಯ ಶಿಕ್ಷಕಿ. ಎಂಟು ತಿಂಗಳ ಹಿಂದೆ ನನ್ನ ಪತಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಬಹುಮಟ್ಟಿಗೆ ನಿಂತುಹೋಗಿದೆ. ಮನೆಯಲ್ಲಿ ಸಾಲವೂ ಇದೆ. ವರ್ಷಾಂತ್ಯದ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಸತ್ಯವೇದದ (ಬೈಬಲಿನ) ಒಂದೊಂದು ವಚನ ಬರೆದು ಹಂಚುವ ವಾಗ್ದಾನದ ಚೀಟಿಗಳಲ್ಲಿ ನನ್ನ ಕೈಗೆ ಬಂದದ್ದರಲ್ಲಿ ಯೆರೆಮೀಯ 29:11 ಇತ್ತು. ಮನೆಗೆ ಪ್ರಾರ್ಥಿಸಲು ಬಂದ ಬೋಧಕರೊಬ್ಬರು ಮೂರು ತಿಂಗಳೊಳಗೆ ಇವರು ಎದ್ದು ನಡೆಯುವರೆಂದು ಹೇಳಿದರು. ಆ ಅವಧಿ ಕಳೆದ ಮೇಲೆ, ಮನೆಯಲ್ಲಿ ಅವಿಶ್ವಾಸವಿದೆ, ಮಾತ್ರೆಗಳ ಮೇಲೆ ಆತುಕೊಂಡಿದ್ದೀರಿ, ಅವನ್ನು ಬಿಟ್ಟು ಉಪವಾಸವಿದ್ದು ಕಾಣಿಕೆ ಕೊಡಿರಿ ಎಂದರು. ಪ್ರತಿದಿನ ಬೆಳಿಗ್ಗೆ ಐದಕ್ಕೆ ವಾಟ್ಸಾಪ್‌ನಲ್ಲಿ ವಚನ ಬರುತ್ತದೆ. ಮೊದಲು ಅದನ್ನು ಓದಿ ಕಣ್ಣು ತುಂಬುತ್ತಿತ್ತು. ಈಗ ಏನೂ ಅನ್ನಿಸುವುದಿಲ್ಲ. ಮೂರು ಗಂಟೆಗೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, ಪ್ರಾರ್ಥನೆಗೆ ಮಾತು ಬರುವುದಿಲ್ಲ, ನಾನು ಇದ್ದು ಯಾರಿಗೇನು ಎಂಬ ಯೋಚನೆ ಬರುತ್ತದೆ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟರೆ ದಂಡನೆಯ ಮಾತೇ ಸಿಕ್ಕಿ ಇಡೀ ದಿನ ಭಯವಾಗುತ್ತದೆ. ವೈದ್ಯರು ನನಗೂ ಮನಸ್ಸಿನ ಮಾತ್ರೆ ಬರೆದಿದ್ದಾರೆ. ತೆಗೆದುಕೊಂಡರೆ ನಂಬಿಕೆಯನ್ನು ಬಿಟ್ಟಂತೆಯೇ? ಎರಡನೆಯ ಪಿಯುಸಿ ಓದುತ್ತಿರುವ ಮಗಳು ಕುಟುಂಬ ಪ್ರಾರ್ಥನೆಗೆ ಕೂರುವುದನ್ನೇ ಬಿಟ್ಟಿದ್ದಾಳೆ. ನಾನೇನು ಮಾಡಲಿ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು. ಅವೆಲ್ಲದರ ಅಡಿಯಲ್ಲಿ ಇರುವ ಭಯ ಒಂದೇ ಎಂದು ನನಗೆ ಕಾಣುತ್ತದೆ. ವಚನ ನಿಮ್ಮನ್ನು ಮುಟ್ಟದಿರುವುದಕ್ಕೆ ದೇವರು ಮುಖ ತಿರುಗಿಸಿಕೊಂಡಿರುವುದು ಕಾರಣವಾಗಿರಬೇಕು, ಇಲ್ಲವೇ ನಿಮ್ಮ ನಂಬಿಕೆ ಸತ್ತುಹೋಗಿರಬೇಕು ಎಂಬ ಭಯ ಅದು. ಮೊದಲು ಸಭಾಪಾಲಕನಾಗಿ, ಆಮೇಲೆ ಆಸ್ಪತ್ರೆಯಲ್ಲಿ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಆಪ್ತಸಮಾಲೋಚಕನಾಗಿ ಕೆಲಸ ಮಾಡಿರುವ ನಾನು ಈ ಭಯವನ್ನು ಬಹಳ ಜನರ ಬಾಯಿಂದ ಕೇಳಿದ್ದೇನೆ. ನೀವು ಬರೆದಿರುವ ಯಾವ ಸಂಗತಿಯಿಂದಲೂ ಈ ಎರಡರಲ್ಲಿ ಒಂದನ್ನೂ ತೀರ್ಮಾನಿಸಲಾಗದು.

ಕಾರಣಗಳಿಗೆ ಹೋಗುವ ಮೊದಲು, ಕಾಯಲಾಗದ ಎರಡು ವಿಷಯಗಳನ್ನು ಹೇಳಿಬಿಡುತ್ತೇನೆ. ನಿಮ್ಮ ಪತಿಯ ಮಾತ್ರೆಗಳನ್ನು ಯಾರು ಹೇಳಿದರೂ ನಿಲ್ಲಿಸಬೇಡಿ. ಪಾರ್ಶ್ವವಾಯುವಿನ ನಂತರ ಕೊಡುವ ರಕ್ತದೊತ್ತಡದ ಮಾತ್ರೆಗಳೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳೂ ಎರಡನೆಯ ಹೊಡೆತವನ್ನು ತಪ್ಪಿಸುವುದಕ್ಕಾಗಿಯೇ ಇರುವಂಥವು. ಅವನ್ನು ಏಕಾಏಕಿ ಬಿಟ್ಟರೆ ಆ ಅಪಾಯ ಹೆಚ್ಚುತ್ತದೆ, ಮತ್ತು ಎರಡನೆಯ ಹೊಡೆತ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಹೆಚ್ಚು ನಷ್ಟ ಮಾಡುತ್ತದೆ. ಇನ್ನೊಂದು, ನಾನು ಇದ್ದು ಯಾರಿಗೇನು ಎಂಬ ಆ ಯೋಚನೆ. ಅದು ಸಾಯುವ ಬಯಕೆಯಾಗಿಯೋ ಸಾಯುವ ದಾರಿಯ ಯೋಚನೆಯಾಗಿಯೋ ಬದಲಾದರೆ ಬೆಳಗಾಗುವವರೆಗೆ ಕಾಯದೆ ಮನೆಯಲ್ಲಿರುವವರನ್ನು ಎಬ್ಬಿಸಿ, 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ; ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಅಂಥ ಯೋಚನೆ ಬಂದದ್ದು ಪಾಪವೋ ಅಲ್ಲವೋ ಎಂಬ ಚರ್ಚೆಯನ್ನು ಆ ಹೊತ್ತಿನಲ್ಲಿ ನಿಮ್ಮೊಳಗೆ ನಡೆಸಬೇಡಿ.

ಈಗ ನಿಮ್ಮ ಕೈಗೆ ಬಂದ ವಚನ. ದೇವರು ತನ್ನ ಜನರ ವಿಷಯದಲ್ಲಿ ಯೋಚಿಸುವುದು ಅಹಿತವನ್ನಲ್ಲ, ಹಿತವನ್ನು. ಅವರಿಗೆ ಒಳ್ಳೆಯ ಗತಿಯೂ ನಿರೀಕ್ಷೆಯೂ ಇರಬೇಕೆಂಬುದು ಅವನ ಇಚ್ಛೆ ಎಂದು ಆ ವಚನ ಹೇಳುತ್ತದೆ. ಚೀಟಿಯಲ್ಲಿ ಅಷ್ಟೇ ಇರುತ್ತದೆ. ಆದರೆ ಅದು ಒಂದು ಪತ್ರದ ನಡುವಿನ ಸಾಲು. ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆಯೊಯ್ದ ಜನರಿಗೆ, ಊರಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯನು ಬರೆದು ಕಳುಹಿಸಿದ ಪತ್ರ ಅದು. ಅದನ್ನು ಅರ್ಥಮಾಡಿಕೊಳ್ಳಲು ಹಿಂದಿನ 28ನೆಯ ಅಧ್ಯಾಯವನ್ನೂ ಸೇರಿಸಿ ಓದಬೇಕು. ಅಲ್ಲಿ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು ನಿಂತು, ಎರಡು ವರ್ಷದೊಳಗೆ ಸೆರೆಹೋದವರೆಲ್ಲ ಹಿಂದಿರುಗುವರು, ದೇವಾಲಯದ ಪಾತ್ರೆಗಳೂ ಮರಳಿ ಬರುವವು ಎಂದು ದೇವರ ಹೆಸರಿನಲ್ಲಿ ಸಾರುತ್ತಾನೆ. ಯೆರೆಮೀಯನು ಕೊಡುವ ಮೊದಲ ಉತ್ತರ ಏನು ಗೊತ್ತೇ? ಆಮೆನ್, ದೇವರು ಹಾಗೆಯೇ ಮಾಡಲಿ ಎನ್ನುತ್ತಾನೆ. ಅವನಿಗೂ ಅದೇ ಬೇಕಾಗಿತ್ತು. ಆದರೆ ಸಮಾಧಾನವನ್ನು ಸಾರುವ ಪ್ರವಾದಿಯ ಮಾತು ನೆರವೇರಿದಾಗಲೇ ಅವನನ್ನು ದೇವರು ಕಳುಹಿಸಿದ್ದು ನಿಜವೆಂದು ತಿಳಿಯುವುದು ಎಂದೂ ಅವನು ಕೂಡಿಸುತ್ತಾನೆ. ಆ ಬಳಿಕ ಹನನ್ಯನಿಗೆ, ದೇವರು ನಿನ್ನನ್ನು ಕಳುಹಿಸಲಿಲ್ಲ, ಈ ಜನರು ಸುಳ್ಳನ್ನು ನಂಬುವಂತೆ ಮಾಡಿದ್ದೀ ಎಂದು ಮುಖಾಮುಖಿ ಹೇಳುತ್ತಾನೆ.

ನಿಮ್ಮ ವಾಗ್ದಾನವಿರುವ ಪತ್ರ ಇದರ ಮುಂದುವರಿಕೆ. ಅದರಲ್ಲಿ ಯೆರೆಮೀಯನು ಕೊಡುವ ಅವಧಿ ಎರಡು ವರ್ಷವಲ್ಲ, 70 ವರ್ಷ. ಪತ್ರವನ್ನು ಕೈಯಲ್ಲಿ ಹಿಡಿದು ಓದಿಸಿಕೊಂಡವರಲ್ಲಿ ಬಹುಪಾಲು ಜನ ತಾವೇ ಹಿಂದಿರುಗುವುದನ್ನು ಕಾಣುವಂತಿರಲಿಲ್ಲ. ಹಾಗಿದ್ದರೂ ಅದು ನಿರೀಕ್ಷೆಯ ಪತ್ರ. ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಅದು ಹೇಳುತ್ತದೆ. ತಾವು ಆರಿಸಿಕೊಳ್ಳದ ಸ್ಥಳದಲ್ಲಿ, ಎಂದು ಮುಗಿಯುವುದೋ ತಮ್ಮ ಕಣ್ಣಿಗೆ ಕಾಣದ ಕಾಲದಲ್ಲಿ, ದಿನದ ಊಟ, ದಿನದ ಕೆಲಸ, ಮನೆಯ ಜನರೊಂದಿಗೆ ಬದುಕುವವರಿಗೆ ಆ ಮಾತನ್ನು ಕೊಡಲಾಗಿತ್ತು. ಅದೇ ಪತ್ರದ 8 ಮತ್ತು 9ನೆಯ ವಚನಗಳು, ನಿಮ್ಮ ಮಧ್ಯದಲ್ಲಿರುವ ಪ್ರವಾದಿಗಳಿಂದ ಮೋಸಹೋಗಬೇಡಿರಿ ಎಂದು ಎಚ್ಚರಿಸುತ್ತವೆ. ಎಂದರೆ, ಚೀಟಿಯಲ್ಲಿ ಬಂದ ವಚನವೂ ಮೂರು ತಿಂಗಳ ಗಡುವು ಹೇಳಿದ ಬೋಧಕರ ಮಾತೂ ಒಂದೇ ಕಡೆಯಿಂದ ಬಂದವೆಂದು ನೀವು ಇಷ್ಟು ದಿನ ತಿಳಿದಿದ್ದೀರಿ. ಅಧ್ಯಾಯವನ್ನು ಪೂರ್ತಿಯಾಗಿ ಓದಿದರೆ ಅವು ಎದುರುಬದುರಾಗಿ ನಿಲ್ಲುತ್ತವೆ. ಗಡುವು ಸುಳ್ಳಾದದ್ದರಿಂದ ವಾಗ್ದಾನ ಸುಳ್ಳಾಗಲಿಲ್ಲ. ಗಡುವು ವಾಗ್ದಾನದಲ್ಲಿ ಇರಲೇ ಇಲ್ಲ.

ಗುಣವಾಗುವುದಕ್ಕೆ ನಂಬಿಕೆಯ ಪ್ರಮಾಣವನ್ನು ಕಟ್ಟಿಹಾಕಿ, ಗುಣವಾಗದಿದ್ದರೆ ಮನೆಯವರ ಮೇಲೆ ತಪ್ಪು ಹೊರಿಸುವ ಬೋಧನೆಯ ಬಗ್ಗೆ ನಾನು ಮೃದುವಾಗಿ ಮಾತನಾಡಲಾರೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಯಾರು ಪಾಪ ಮಾಡಿದ್ದರಿಂದ ಹೀಗಾಯಿತು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಯೇಸು ಸ್ವಾಮಿ ಎರಡನ್ನೂ ನಿರಾಕರಿಸಿದರು; ಇದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಅತ್ತ ತಂದೆಯನ್ನು ಮಾರ್ಕನ 9ನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಆ ಅರೆನಂಬಿಕೆಯ ಪ್ರಾರ್ಥನೆಯನ್ನು ಸ್ವಾಮಿ ಹಿಂದಕ್ಕೆ ಕಳುಹಿಸಲಿಲ್ಲ. ಆದ್ದರಿಂದ ನಿಮ್ಮ ಪತಿ ಎದ್ದು ನಡೆಯದಿರುವುದಕ್ಕೆ ನೀವು ಕಾರಣರಲ್ಲ. ಕಾಣಿಕೆಯ ವಿಷಯವೂ ಅಷ್ಟೇ: ಸಾಲವಿರುವ ಮನೆಯಿಂದ, ಗುಣವಾಗುವ ಭರವಸೆಯ ಮೇಲೆ ಕೇಳುವ ಹಣವನ್ನು ಕೊಡಬೇಡಿ. ಊಟವೇ ಸೇರದೆ, ನಿದ್ದೆಯಿಲ್ಲದೆ ಇರುವ ನೀವು ಈಗ ಉಪವಾಸ ಮಾಡುವುದೂ ಬೇಡ.

ನಂಬಿಕೆ ಗಟ್ಟಿಯಾಗಿದ್ದರೆ ಮನಸ್ಸು ಕುಗ್ಗುವುದಿಲ್ಲ ಎಂಬ ಮಾತು ನಮ್ಮ ಸಭೆಗಳಲ್ಲಿ ಎಷ್ಟು ಸಹಜವಾಗಿ ಕೇಳಿಬರುತ್ತದೆಯೋ ಸತ್ಯವೇದದಲ್ಲಿ ಅಷ್ಟೇ ಅಪರಿಚಿತ. ಜೀವದ ಆಶೆಯನ್ನೂ ಬಿಟ್ಟುಬಿಡುವಷ್ಟು ನಮ್ಮ ಶಕ್ತಿಗೆ ಮೀರಿ ಕುಗ್ಗಿದೆವು ಎಂದು ಪೌಲನು ಎರಡನೆಯ ಕೊರಿಂಥ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಬರೆಯುತ್ತಾನೆ. ಗೆತ್ಸೇಮನೆಯಲ್ಲಿ ಸ್ವಾಮಿಯೇ, ನನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದು ಶಿಷ್ಯರಿಗೆ ಹೇಳಿ, ಇಲ್ಲೇ ಇದ್ದು ಎಚ್ಚರವಾಗಿರಿ ಎಂದು ಕೇಳಿಕೊಂಡರು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಸಾವಿರಾರು ಜನರಿಗೆ ಉಪದೇಶಿಸುತ್ತಿದ್ದ ಚಾರ್ಲ್ಸ್ ಸ್ಪರ್ಜನ್ ಅವರು ತಮ್ಮನ್ನು ಮತ್ತೆ ಮತ್ತೆ ಕಾಡಿದ ಖಿನ್ನತೆಯನ್ನು ಮುಚ್ಚಿಡದೆ ಹೇಳಿಕೊಂಡವರು.

ಇವರೆಲ್ಲರಿಗಿಂತ ನಿಮಗೆ ಹತ್ತಿರದವನು ಪ್ರವಾದಿ ಎಲೀಯ. ಒಂದನೆಯ ಅರಸುಗಳು 19ನೆಯ ಅಧ್ಯಾಯದಲ್ಲಿ ಅವನು ಅಡವಿಯ ಜಾಲಿಯ ಗಿಡದಡಿಯಲ್ಲಿ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಪ್ರಾರ್ಥಿಸಿ ಮಲಗಿಬಿಡುತ್ತಾನೆ. ದೇವದೂತನು ಬಂದು ಅವನಿಗೆ ಉಪದೇಶ ಮಾಡುವುದಿಲ್ಲ, ಅವಿಶ್ವಾಸವೆಂದು ಗದರಿಸುವುದಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟಮಾಡು ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಲ ಎಬ್ಬಿಸಿ, ನಿನ್ನ ಶಕ್ತಿಗೆ ಮೀರಿದ ಪ್ರಯಾಣವಿದೆ ಎಂದು ಇನ್ನೊಮ್ಮೆ ತಿನ್ನಿಸುತ್ತಾನೆ. ದೇವರು ಅವನೊಂದಿಗೆ ಮಾತನಾಡುವುದು ಅದಾದ ಮೇಲೆ, ಹೋರೇಬಿಗೆ 40 ದಿನ ನಡೆದ ಮೇಲೆ. ನಿದ್ದೆ, ಊಟ, ನೀರು ಮೊದಲು ಬಂದವು, ವಚನ ಆಮೇಲೆ ಬಂತು. ರೋಗಿಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆದ ಹೆಂಡತಿಯರಿಗೆ, ತಾಯಂದಿರಿಗೆ ನಾನು ಹೆಚ್ಚಾಗಿ ತೆರೆದು ತೋರಿಸುವ ಅಧ್ಯಾಯ ಇದು.

ವಚನ ಓದಿದರೂ ಏನೂ ಅನ್ನಿಸದಿರುವುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ನಿಮ್ಮ ದೇಹದಲ್ಲೇ ಇದೆ. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಮೊದಲು ಸಂತೋಷ ಕೊಡುತ್ತಿದ್ದುದು ಕೊಡದಿರುವುದು, ಇದ್ದು ಪ್ರಯೋಜನವಿಲ್ಲವೆಂಬ ಯೋಚನೆ, ಇವು ಎರಡು ವಾರಕ್ಕಿಂತ ಹೆಚ್ಚು ಕಾಲ ಒಟ್ಟಿಗೆ ಇದ್ದರೆ ವೈದ್ಯರು ಖಿನ್ನತೆಯನ್ನು ಪರಿಗಣಿಸುತ್ತಾರೆ. ಆ ಕಾಯಿಲೆ ಮನಸ್ಸಿನ ಸವಿಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಒಮ್ಮೆ ಗಮನಿಸಿ: ಮಗಳ ನಗು, ಇಷ್ಟದ ಅಡುಗೆ, ಶಾಲೆಯ ಮಕ್ಕಳ ಹಾಡು ಇವೂ ಈಗ ಮೊದಲಿನಂತೆ ಮುಟ್ಟುತ್ತಿಲ್ಲವಾದರೆ, ವಚನವೊಂದೇ ಮುಟ್ಟುತ್ತಿಲ್ಲವೆಂದು ನಂಬಿಕೆಯನ್ನು ದೂರುವುದು ನ್ಯಾಯವಲ್ಲ. ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ ಒಬ್ಬರೇ ನೋಡಿಕೊಳ್ಳುವವರಲ್ಲಿ ಇದು ಬಹಳ ಸಾಮಾನ್ಯ.

ವಚನ ನಿಮಗೆ ತಲಪುತ್ತಿರುವ ರೀತಿಯೂ ಒಂದು ಕಾರಣ. ದಿನಕ್ಕೊಂದು ವಚನವೆಂಬ ಪದ್ಧತಿಗೆ ಗೌರವದ ಹಿನ್ನೆಲೆಯಿದೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಪುಟ್ಟ ಊರಿನಲ್ಲಿ, ಮೊರೇವಿಯ ಪ್ರಾಂತದಿಂದ ನಿರಾಶ್ರಿತರಾಗಿ ಬಂದ ವಿಶ್ವಾಸಿಗಳ ನಡುವೆ, ಅವರಿಗೆ ಆಶ್ರಯ ಕೊಟ್ಟಿದ್ದ ಕೌಂಟ್ ಜಿನ್‌ಜೆನ್‌ಡಾರ್ಫ್ 1728ರಲ್ಲಿ ಅದನ್ನು ಆರಂಭಿಸಿದರು. 1731ರಿಂದ ಅದು ವರ್ಷವರ್ಷವೂ ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ಧಾರವಾಡ, ಹುಬ್ಬಳ್ಳಿ, ನಿಮ್ಮ ಬೆಟಗೇರಿಯವರೆಗೆ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನವರ ಭಕ್ತಿಯ ಬೇರುಗಳೂ ಆ ಕಾಲದ ಅಂಥ ಭಕ್ತಿಚಳವಳಿಯಲ್ಲೇ ಇದ್ದವು. ಹೆರ್ನ್‌ಹುಟ್‌ನಲ್ಲಿ ಬೆಳಿಗ್ಗೆ ಆ ದಿನದ ವಚನವನ್ನು ಸಭೆಯವರೊಬ್ಬರು ಮನೆಮನೆಗೆ ಹೋಗಿ ಹೇಳುತ್ತಿದ್ದರು. ಹೇಳುವಾಗ ಆ ಮನೆಯವರ ಕಷ್ಟಸುಖ ವಿಚಾರಿಸಿಕೊಂಡು ಬರುತ್ತಿದ್ದರು. ವಚನದೊಂದಿಗೆ ಒಬ್ಬ ಮನುಷ್ಯ ಬಾಗಿಲಿಗೆ ಬರುತ್ತಿದ್ದ. ನಿಮ್ಮ ಫೋನಿಗೆ ಬೆಳಿಗ್ಗೆ ಐದಕ್ಕೆ ವಚನ ಮಾತ್ರ ಬರುತ್ತದೆ. ಕಳುಹಿಸುವವರ ಪ್ರೀತಿಯನ್ನು ನಾನು ಕಡಿಮೆ ಎಣಿಸುವುದಿಲ್ಲ. ಆದರೆ ನೂರಾರು ಜನರಿಗೆ ಒಟ್ಟಿಗೆ ಹೋದ ಸಾಲು, ರಾತ್ರಿಯೆಲ್ಲ ಎಚ್ಚರವಿದ್ದ ಒಬ್ಬಾಕೆಯನ್ನು ನೀವು ಹೇಗಿದ್ದೀರಿ ಎಂದು ಕೇಳಲಾರದು.

ಕಣ್ಣು ಮುಚ್ಚಿ ಸತ್ಯವೇದ ತೆರೆಯುವ ಅಭ್ಯಾಸವನ್ನು ನಿಲ್ಲಿಸಿರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಆ ಅಭ್ಯಾಸಕ್ಕೆ ಬೆಂಬಲವಾಗಿ, ಆದಿಸಭೆಯ ದೊಡ್ಡ ಬೋಧಕನಾದ ಸಂತ ಆಗಸ್ಟೀನನ ಕಥೆಯನ್ನು ಹೇಳುವವರಿದ್ದಾರೆ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ, ತೆಗೆದುಕೊಂಡು ಓದು ಎಂಬ ಧ್ವನಿ ಕೇಳಿ ಅವನು ಪುಸ್ತಕ ತೆರೆದಾಗ ಕಣ್ಣಿಗೆ ಬಿದ್ದ ರೋಮಾಪುರದವರ ಪತ್ರಿಕೆಯ ಮಾತು ಅವನ ಬದುಕನ್ನು ತಿರುಗಿಸಿತು, ನಿಜ. ಆದರೆ ಅವನು ತೆರೆದದ್ದು ಆಗಲೇ ಓದುತ್ತಿದ್ದ ಪೌಲನ ಪತ್ರಿಕೆಗಳನ್ನು. ಮುಂದೆ ಅದೇ ಆಗಸ್ಟೀನನು ಒಂದು ಪತ್ರದಲ್ಲಿ, ಲೋಕದ ವ್ಯವಹಾರಗಳಿಗೆ ಉತ್ತರ ಹುಡುಕಲು ಸುವಾರ್ತೆಯ ಪುಟಗಳನ್ನು ಶಕುನದಂತೆ ಬಳಸುವ ಪದ್ಧತಿ ತನಗೆ ಒಪ್ಪಿಗೆಯಿಲ್ಲವೆಂದು ಬರೆದಿದ್ದಾನೆ. ಯಾವುದೋ ಜನಾಂಗಕ್ಕೆ, ಯಾವುದೋ ಅನ್ಯಾಯಕ್ಕಾಗಿ ಪ್ರವಾದಿ ಹೇಳಿದ ದಂಡನೆಯ ಮಾತು ನಿಮ್ಮ ಬೆರಳಿನಡಿಗೆ ಬಂದ ಮಾತ್ರಕ್ಕೆ ನಿಮ್ಮ ಮನೆಗೆ ಬಂದ ತೀರ್ಪಾಗುವುದಿಲ್ಲ. ಸಂದರ್ಭದಿಂದ ಕಿತ್ತ ವಚನ ಹಿತವಾಗಿದ್ದರೂ ಅಪಾಯವೇ. ಅಡವಿಯ ಶೋಧನೆಯ ದಿನಗಳಲ್ಲಿ ಸೈತಾನನು ಯೇಸು ಸ್ವಾಮಿಯನ್ನು ದೇವಾಲಯದ ತುದಿಯಿಂದ ಧುಮುಕಿಸಲು ಎತ್ತಿ ಹೇಳಿದ್ದು 91ನೆಯ ಕೀರ್ತನೆಯ ವಾಗ್ದಾನವನ್ನೇ.

ಹಾಗಾದರೆ ಏನು ಓದಬೇಕು? ಸದ್ಯಕ್ಕೆ ವಾಗ್ದಾನಗಳನ್ನು ಹುಡುಕುವುದನ್ನು ಬಿಟ್ಟು ಕೀರ್ತನೆಗಳಿಗೆ ಬನ್ನಿ, ಅದರಲ್ಲೂ ಗೋಳಾಟದ ಕೀರ್ತನೆಗಳಿಗೆ. 150 ಕೀರ್ತನೆಗಳಲ್ಲಿ ದೂರು, ಅಳಲು, ಮೊರೆ ತುಂಬಿದವು ಮೂರರಲ್ಲೊಂದು ಪಾಲಿಗಿಂತ ಕಡಿಮೆಯಿಲ್ಲ. 13ನೆಯದು ಆರೇ ವಚನ. ಎಷ್ಟರ ವರೆಗೆ ಎಂದು ನಾಲ್ಕು ಬಾರಿ ಕೇಳಿ, ನನ್ನ ಕಣ್ಣುಗಳಿಗೆ ಬೆಳಕು ಕೊಡು ಎಂದು ಬೇಡಿ, ಕಡೆಯಲ್ಲಿ ನಿನ್ನ ಪ್ರೀತಿಯಲ್ಲಿ ಭರವಸವಿಟ್ಟಿದ್ದೇನೆ ಎನ್ನುತ್ತದೆ. 42ನೆಯದರಲ್ಲಿ ಕೀರ್ತನೆಗಾರನು ಕುಗ್ಗಿದ ತನ್ನ ಮನಸ್ಸಿನೊಂದಿಗೇ ಮಾತನಾಡುತ್ತಾನೆ. ಅವನಿಗೂ ಆಗ ಹಗಲಿರುಳು ಕಣ್ಣೀರೇ ಆಹಾರವಾಗಿತ್ತು. ಪ್ರಾರ್ಥನೆಗೆ ಮಾತು ಬರುವುದಿಲ್ಲವೆಂದು ಬರೆದಿದ್ದೀರಿ. ಮಾತು ಬಾರದವರಿಗಾಗಿಯೇ ಸಭೆ ಈ ಮಾತುಗಳನ್ನು ಕಾಪಾಡಿಕೊಂಡು ಬಂದಿದೆ. ಶಿಲುಬೆಯ ಮೇಲೆ ಸ್ವಾಮಿಯೂ ತಮ್ಮ ಕೂಗಿಗೆ 22ನೆಯ ಕೀರ್ತನೆಯ ಮೊದಲ ಸಾಲನ್ನೇ ತೆಗೆದುಕೊಂಡರು. ಬೆಳಿಗ್ಗೆ ಒಂದನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ, ಆಮೆನ್ ಎಂದು ಏಳಿರಿ. ಏನಾದರೂ ಅನ್ನಿಸಿತೇ ಎಂದು ಪರೀಕ್ಷಿಸಿಕೊಳ್ಳಬೇಡಿ; ಆ ದಿನದ ಪ್ರಾರ್ಥನೆ ಅಷ್ಟಕ್ಕೇ ಪೂರ್ತಿಯಾಯಿತು.

ಇದಕ್ಕೂ ಒಂದು ಅಪಾಯವಿದೆ. 88ನೆಯ ಕೀರ್ತನೆ ಕೊನೆಯ ಸಾಲಿನವರೆಗೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದು ಸತ್ಯವೇದದಲ್ಲಿರುವುದು ನನಗೆ ಒಂದು ದೊಡ್ಡ ಕೃಪೆಯಾಗಿ ಕಾಣುತ್ತದೆ, ಆದರೂ ಈಗಿನ ನಿಮ್ಮ ಸ್ಥಿತಿಯಲ್ಲಿ ಅದನ್ನು ನಡುರಾತ್ರಿ ಒಬ್ಬರೇ ಓದಬೇಡಿ. ಹಗಲಿನಲ್ಲಿ, ಜೊತೆಗೊಬ್ಬರು ಇರುವಾಗ ಓದಿ. ಪ್ರಲಾಪಗಳ ಪುಸ್ತಕವನ್ನೂ ಹಾಗೆಯೇ ಇಟ್ಟುಕೊಳ್ಳಿ. ದೇವರ ಕರುಣೆ ದಿನದಿನವೂ ಹೊಸದಾಗುತ್ತದೆ ಎಂಬ, ಎಲ್ಲರಿಗೂ ಬಾಯಿಪಾಠವಾಗಿರುವ ಮಾತು ಅದರ ಐದು ಅಧ್ಯಾಯಗಳಲ್ಲಿ ನಡುವಿನ ಮೂರನೆಯದರಲ್ಲಿದೆ. ಸುಟ್ಟುಹೋದ ಯೆರೂಸಲೇಮಿನ ಅಳು ಅದಕ್ಕೂ ಮೊದಲು ಎರಡು ಅಧ್ಯಾಯ ನಡೆಯುತ್ತದೆ, ಅದರ ನಂತರವೂ ಮುಂದುವರಿಯುತ್ತದೆ. ಕರುಣೆಯನ್ನು ನೆನೆದ ಮೇಲೂ ಅಳು ನಿಲ್ಲದಿದ್ದರೆ ಅದು ಕೃತಘ್ನತೆಯಲ್ಲ.

ಮೂರು ಗಂಟೆಗೆ ಎಚ್ಚರವಾದಾಗ ಫೋನನ್ನು ಮುಟ್ಟಬೇಡಿ, ಗಡಿಯಾರ ನೋಡಬೇಡಿ, ದೀಪ ಹಚ್ಚಿ ಓದಲು ಕೂರಬೇಡಿ. ಚಿಕ್ಕಂದಿನಿಂದ ಬಾಯಿಗೆ ಬಂದಿರುವ 23ನೆಯ ಕೀರ್ತನೆಯನ್ನು, "ಯೆಹೋವನು ನನಗೆ ಕುರುಬನು" ಎಂಬಲ್ಲಿಂದ, ಒಂದೊಂದು ಉಸಿರಿಗೆ ಒಂದೊಂದು ತುಂಡಾಗಿ ಮನಸ್ಸಿನಲ್ಲೇ ಹೇಳಿಕೊಳ್ಳಿ. ಮಧ್ಯದಲ್ಲಿ ಮರೆತರೆ ಮೊದಲಿನಿಂದ ಆರಂಭಿಸಿ. ಇದರಿಂದ ನಿದ್ದೆ ಬಂದೇ ಬರುತ್ತದೆಂದು ನಾನು ಮಾತು ಕೊಡಲಾರೆ. ಆದರೆ ಆ ಹೊತ್ತಿನಲ್ಲಿ ಸಾಲದ ಲೆಕ್ಕವೂ ಅಪರಾಧಭಾವವೂ ಮನಸ್ಸನ್ನು ಆಕ್ರಮಿಸುವುದಕ್ಕೆ ಇದು ಎಡೆ ಕಡಿಮೆ ಮಾಡುತ್ತದೆ. ವಾಟ್ಸಾಪ್ ಗುಂಪನ್ನು ಬಿಡಬೇಕಾಗಿಲ್ಲ. ಅದರ ಸದ್ದು ನಿಲ್ಲಿಸಿ, ಆ ವಚನವನ್ನು ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ, ಅದರ ಅಧ್ಯಾಯದೊಂದಿಗೆ ಓದಿ.

ಮಾತ್ರೆಯ ಬಗ್ಗೆ. ಲೂಕನನ್ನು ಪ್ರಿಯ ವೈದ್ಯನೆಂದು ಕರೆದ ಪೌಲನು, ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೂ ಆಗಾಗ ಬರುವ ಕಾಯಿಲೆಗೂ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಔಷಧಿಯಾಗಿಯೇ ಸಲಹೆ ಕೊಟ್ಟನು. ಇನ್ನಷ್ಟು ನಂಬು ಎಂದು ಹೇಳಿ ಸುಮ್ಮನಾಗಲಿಲ್ಲ. ವೈದ್ಯರು ಬರೆದ ಮಾತ್ರೆಯನ್ನು ತೆಗೆದುಕೊಳ್ಳಿ. ಅದರೊಂದಿಗೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ನಿಮ್ಮ ವಯಸ್ಸಿನಲ್ಲಿ ಇವುಗಳ ಕೊರತೆಯೂ ಏರುಪೇರೂ ಇದೇ ತೆರನ ದಣಿವನ್ನು ತರುತ್ತವೆ. ಖಿನ್ನತೆಯ ಮಾತ್ರೆಗಳು ತಲೆನೋವಿನ ಮಾತ್ರೆಯ ಹಾಗೆ ಅಂದೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕಾಗಬಹುದು. ಮೊದಲ ದಿನಗಳಲ್ಲಿ ಓಕರಿಕೆ, ಹೊಟ್ಟೆಯ ಕಿರಿಕಿರಿ, ಸ್ವಲ್ಪ ಚಡಪಡಿಕೆ ಆಗುವುದುಂಟು. ಅದಕ್ಕೆ ಹೆದರಿ ತಾವಾಗಿ ಬಿಡುವವರು ಹಲವರು. ಬಿಡಬೇಡಿ, ವೈದ್ಯರಿಗೆ ಹೇಳಿ. ಚಡಪಡಿಕೆ ಹೆಚ್ಚಿದರೆ ಅಥವಾ ಸಾವಿನ ಯೋಚನೆ ಬಲವಾದರೆ ಅಂದೇ ಹೇಳಿ. ಇವು ಚಟ ಹಿಡಿಸುವ ಮಾತ್ರೆಗಳಲ್ಲ, ಆದರೆ ಥಟ್ಟನೆ ನಿಲ್ಲಿಸಿದರೆ ತೊಂದರೆ ಕೊಡುತ್ತವೆ. ನಿದ್ದೆಗೆಂದು ಕೊಡುವ ಕೆಲವು ಮಾತ್ರೆಗಳು ಮಾತ್ರ ಅಭ್ಯಾಸವಾಗುವಂಥವು. ನಿಮಗೆ ಬರೆದದ್ದು ಯಾವುದು, ಎಷ್ಟು ದಿನಕ್ಕೆ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಿ. ಮನೋವೈದ್ಯರನ್ನು ಕಾಣಬೇಕಾದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ನಿಮಗೆ ದೂರವಲ್ಲ. ಮಾತ್ರೆ ನಿದ್ದೆಯನ್ನೂ ಹಸಿವನ್ನೂ ಹಿಂದಿರುಗಿಸಬಹುದು. ದುಃಖಕ್ಕೆ ಇರುವ ಕಾರಣವನ್ನು ಅದು ತೆಗೆಯುವುದಿಲ್ಲ. ಆದ್ದರಿಂದ ಮಾತ್ರೆ ಬಂದ ಮೇಲೆ ಪ್ರಾರ್ಥನೆಗೆ ಕೆಲಸವಿಲ್ಲವೆಂದಾಗಲಿ, ಪ್ರಾರ್ಥನೆಯಿದ್ದರೆ ಮಾತ್ರೆ ಬೇಡವೆಂದಾಗಲಿ ಹೇಳುವಂತಿಲ್ಲ.

ಸಭೆಯ ಜನರಿಂದ ಏನು ಕೇಳಬೇಕೆಂಬುದು ನಿಮಗೆ ಕಷ್ಟವಾಗಬಹುದು, ಏಕೆಂದರೆ ಶಿಕ್ಷಕಿಯರಿಗೆ ಕೊಟ್ಟು ಅಭ್ಯಾಸ, ಕೇಳಿ ಅಲ್ಲ. ನಮಗಾಗಿ ಪ್ರಾರ್ಥಿಸಿ ಎಂದಷ್ಟೇ ಹೇಳಿದರೆ ಪ್ರಾರ್ಥಿಸಿ ಹೋಗುತ್ತಾರೆ. ಸ್ತ್ರೀಯರ ಅನ್ಯೋನ್ಯಕೂಟದಲ್ಲಿ ನೀವು ನಂಬುವ ಇಬ್ಬರನ್ನು ಆರಿಸಿ, ವಾರಕ್ಕೆ ಎರಡು ಮಧ್ಯಾಹ್ನ ಎರಡೆರಡು ಗಂಟೆ ಇವರ ಹತ್ತಿರ ಕೂರುತ್ತೀರಾ, ನಾನು ಮಲಗುತ್ತೇನೆ ಎಂದು ನೇರವಾಗಿ ಕೇಳಿ. ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಗಲಾತ್ಯದವರಿಗೆ ಬರೆದ ಮಾತಿಗೆ ಇದಕ್ಕಿಂತ ಸರಳವಾದ ಪಾಲನೆ ನನಗೆ ತಿಳಿಯದು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರೂ ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕದಲ್ಲಿ ಕುಳಿತಿದ್ದಾಗ ಸರಿಯಾಗಿಯೇ ಇದ್ದರು. ಬಾಯಿ ತೆರೆದು ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟರು. ಇಲ್ಲಿಯ ಅಪಾಯ, ನಿಮ್ಮ ಮನೆಯ ಮಾತು ಪ್ರಾರ್ಥನಾ ವಿನಂತಿಯ ರೂಪದಲ್ಲಿ ಊರೆಲ್ಲ ಸುತ್ತುವುದು. ಆದ್ದರಿಂದ ಏನನ್ನು ಹೊರಗೆ ಹೇಳಬಾರದೆಂದು ಆ ಇಬ್ಬರಿಗೆ ಮೊದಲೇ ಹೇಳಿಬಿಡಿ. ಆ ಬೋಧಕರು ಮತ್ತೆ ಬಂದರೆ ಏನು ಮಾಡಬೇಕೆಂದು ನಿಮ್ಮ ಸಭಾಪಾಲಕರೊಂದಿಗೆ ಮಾತನಾಡಿ. ಅವರನ್ನು ಬಾಗಿಲಲ್ಲೇ ನಿಲ್ಲಿಸುವ ಭಾರ ನಿಮ್ಮೊಬ್ಬರ ಮೇಲೆ ಬೀಳಬಾರದು.

ನಿಮ್ಮ ಪತಿಯ ಬಗ್ಗೆ ಒಂದು ಸಂಗತಿ, ನಿಮಗೆ ಉಪಯೋಗವಾಗಬಹುದು. ಬಲಭಾಗ ಸೋತು ಮಾತು ಹೋಗಿದೆಯೆಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಇಂಥವರಲ್ಲಿ ಸ್ವಂತ ವಾಕ್ಯ ಹೇಳಲಾಗದ ಕೆಲವರು ಚಿಕ್ಕಂದಿನಿಂದ ಬಾಯಿಪಾಠವಾದ ಹಾಡನ್ನು, ಎಣಿಕೆಯನ್ನು, ಪ್ರಾರ್ಥನೆಯನ್ನು ಇತರರು ಆರಂಭಿಸಿಕೊಟ್ಟರೆ ಮುಂದುವರಿಸಬಲ್ಲರು. ವಾಕ್ ಚಿಕಿತ್ಸಕರು ಇದನ್ನು ಚಿಕಿತ್ಸೆಯಲ್ಲೂ ಬಳಸುತ್ತಾರೆ. ಸಂಜೆ ಪರಲೋಕ ಪ್ರಾರ್ಥನೆಯನ್ನು ಅವರ ಪಕ್ಕದಲ್ಲಿ ನಿಧಾನವಾಗಿ ಹೇಳಿ, ಸಭೆಯ ಹಳೆಯ ಸಂಗೀತವೊಂದನ್ನು ಹಾಡಿ, ನಡುವೆ ನಿಲ್ಲಿಸಿ ಕಾಯಿರಿ. ಒಂದು ಪದ ಹೊರಬಂದರೆ ಪವಾಡವೆಂದು ಘೋಷಿಸಬೇಡಿ, ಬಾರದಿದ್ದರೆ ಸೋಲೆಂದು ಎಣಿಸಬೇಡಿ. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ; ಆಮೇಲೆ ನಿಧಾನವಾಗುತ್ತದೆ, ಆದರೆ ನಿಂತೇಹೋಗಬೇಕೆಂದಿಲ್ಲ. ಮಾತಿನ ಚಿಕಿತ್ಸೆಯನ್ನು ಇನ್ನೂ ಆರಂಭಿಸಿಲ್ಲವಾದರೆ ಈಗಲೂ ಆರಂಭಿಸಬಹುದು. ಅವರಿಗೂ ಖಿನ್ನತೆ ಇದೆಯೇ ಎಂದು ವೈದ್ಯರು ನೋಡಲಿ. ಹೇಳಿಕೊಳ್ಳಲು ಮಾತಿಲ್ಲದವರ ದುಃಖ ಸುಲಭವಾಗಿ ಗಮನ ತಪ್ಪುತ್ತದೆ.

ಇನ್ನು ನಿಮ್ಮ ಮಗಳು. ದೇವರಲ್ಲಿ ಅವಳಿಗೆ ಸಿಟ್ಟು ಬಂದಿದ್ದರೆ ಅದನ್ನು ಸುಮ್ಮನಾಗಿಸಬೇಡಿ. ಲಾಜರನು ಸತ್ತಾಗ ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಬಂದು, ಸ್ವಾಮೀ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಒಂದೇ ಮಾತನ್ನು ಹೇಳಿದರು. ಯೇಸು ಸ್ವಾಮಿ ಇಬ್ಬರನ್ನೂ ಗದರಿಸಲಿಲ್ಲ; ಮರಿಯಳು ಅತ್ತಾಗ ಅವರೂ ಕಣ್ಣೀರು ಬಿಟ್ಟರು. ಮಗಳನ್ನು ಕೂಟಕ್ಕೆ ಎಳೆದು ಕೂರಿಸಿದರೆ ದೇಹ ಬರುತ್ತದೆ, ಮನಸ್ಸು ಇನ್ನೂ ದೂರ ಹೋಗುತ್ತದೆ. ಪೂರ್ತಿ ಬಿಟ್ಟುಬಿಟ್ಟರೆ ಅಮ್ಮನಿಗೂ ನಂಬಿಕೆ ಹೋಗಿದೆಯೆಂದು ಅವಳು ತಿಳಿಯಬಹುದು. ನಾನಾದರೆ ಕುಟುಂಬ ಪ್ರಾರ್ಥನೆಯನ್ನು ಒಂದು ಕೀರ್ತನೆಗೂ ಪರಲೋಕ ಪ್ರಾರ್ಥನೆಗೂ ಇಳಿಸಿ, ಅವಳು ಪಕ್ಕದ ಕೋಣೆಯಲ್ಲಿ ಓದುತ್ತಿದ್ದರೂ ಸರಿ ಎಂದು ಹೇಳುತ್ತೇನೆ. ನಿಮಗೂ ಮಾತು ಬಾರದ ದಿನಗಳಿವೆಯೆಂದು ಅವಳಿಗೆ ತಿಳಿಸಿ, ಆದರೆ ನಿಮ್ಮ ಭಯಗಳನ್ನೆಲ್ಲ ಹೊರುವವಳನ್ನಾಗಿ ಅವಳನ್ನು ಮಾಡಬೇಡಿ. ಎಂಟು ತಿಂಗಳಲ್ಲಿ ಅವಳೂ ತಂದೆಯ ಧ್ವನಿಯನ್ನು ಕಳೆದುಕೊಂಡಿದ್ದಾಳೆ. ಅದರ ಜೊತೆಗೆ ಪರೀಕ್ಷೆಯ ವರ್ಷ. ಅವಳ ನಿದ್ದೆ ಹೇಗಿದೆ, ಊಟ ಹೇಗಿದೆ ಎಂದು ಕೇಳಿ. ಮೇಲೆ ಹೇಳಿದ ಸಹಾಯವಾಣಿಗೆ ಅವಳೂ ಕರೆ ಮಾಡಬಹುದೆಂದು ತಿಳಿಸಿ. ರಾತ್ರಿಯ ಹೊತ್ತು ತಂದೆಯನ್ನು ಹೊರಳಿಸುವ, ಬಟ್ಟೆ ಬದಲಿಸುವ ಪಾಳಿಯಲ್ಲಿ ಅವಳಿದ್ದರೆ, ಪರೀಕ್ಷೆ ಮುಗಿಯುವವರೆಗಾದರೂ ಆ ಪಾಳಿಯನ್ನು ಸಂಬಂಧಿಕರಲ್ಲೊಬ್ಬರಿಗೆ ವಹಿಸಿಕೊಡಿ.